ಏನೂ ಆಗದ ವಾರ್ಡು

ಸರ್ಕಾವಿ ಪೆಟ್ಟು ತಿಂದು ಬೆಳೆದವನು. ಸುಂಬಿಂಗ್ ಬೆಟ್ಟದ ತಪ್ಪಲಲ್ಲಿ, ಹೊಗೆಸೊಪ್ಪಿನ ಹೊಲದ ಅಂಚಿಗೆ ಅವರ ಮನೆ. ಮನೆಯ ಹಿಂದೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಅವನ ಅಣ್ಣ. ಹಲಸಿನ ಮರದ ಎರಡು ದಿಮ್ಮಿಗಳ ನಡುವೆ ತೂತು ಕೊರೆದು ಅಣ್ಣನ ಕಾಲು ಸಿಕ್ಕಿಸಿದ್ದರು. ತಲೆ ಕೆಟ್ಟವರನ್ನು ಆ ಊರಲ್ಲಿ ಹಾಗೇ ಇಡುತ್ತಿದ್ದುದು. ಅವನಿಗೆ ಅನ್ನ ಕೊಡುವುದು ಸರ್ಕಾವಿಯ ಕೆಲಸ. ಒಂದು ದಿನ ತಟ್ಟೆ ಇಡಲು ಬಗ್ಗಿದವನ ಕೂದಲು ಹಿಡಿದು ಅಣ್ಣ ಅವನ ಮುಖವನ್ನು ದಿಮ್ಮಿಗೆ ಜಜ್ಜಿದ. ಮುಂದಿನ ಹಲ್ಲು ಹೋದವು. ಅಪ್ಪ ಬಂದು ಸನಿಕೆಯ ಹಿಡಿಯಿಂದ ಅಣ್ಣನನ್ನು ಬಡಿದ. ಮರುದಿನ ಅವ್ವ ಹಳದಿ ಅನ್ನ ಮಾಡಿ ಕೊಟ್ಟಿಗೆಯಲ್ಲೇ ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಉಣ್ಣಿಸಿದಳು. ಉಂಡ ಮೇಲೆ ಅದರ ಮಾತು ಎತ್ತುವಂತಿಲ್ಲ. ಎತ್ತಿದರೆ ಉಂಡ ಅನ್ನಕ್ಕೆ ಅವಮಾನ. ಅಣ್ಣ ಆ ದಿಮ್ಮಿಯಲ್ಲೇ ಸತ್ತ.

ಮೀಸೆ ಬಲಿಯುವ ವಯಸ್ಸಿಗೆ ಸರ್ಕಾವಿ ಬೆಟ್ಟ ಇಳಿದು ಪೇಟೆಯ ಹುಚ್ಚಾಸ್ಪತ್ರೆಗೆ ಬಂದ. ಕೆಲಸಕ್ಕೆ ತೆಗೆದುಕೊಳ್ಳುವವನು ಓದಿದ್ದೆಷ್ಟು ಎಂದು ಕೇಳಲಿಲ್ಲ. ಕೈ ತೋರಿಸು ಎಂದ. ತೋರಿಸಿದ. ಅವತ್ತೇ ಸದೇವ ವಾರ್ಡಿಗೆ ಹಾಕಿದರು. ಬೀಗ ಹಾಕಿದ ಗಂಡಸರ ವಾರ್ಡು ಅದು.

ಆಸ್ಪತ್ರೆಯ ಅಡುಗೆಮನೆಯಲ್ಲಿ ಸುಮಿನಿ ಇದ್ದಳು. ಹಂಡೆಯಲ್ಲಿ ಅನ್ನ ಬೇಯಿಸುವವಳು. ಇಬ್ಬರಿಗೂ ಮದುವೆಯಾಯಿತು. ಮಕ್ಕಳಾಗಲಿಲ್ಲ. ಹೊಸದರಲ್ಲಿ ಒಮ್ಮೆ ಅವಳ ಕೆನ್ನೆಗೆ ಬಾರಿಸಿದ. ಅವಳು ಒಲೆಯ ಮೇಲಿದ್ದ ಸೌಟನ್ನು ಎತ್ತಿ ಅವನ ತೋಳಿಗೆ ಒತ್ತಿದಳು. ಚರ್ಮ ಸೌಟಿಗೆ ಅಂಟಿಕೊಂಡು ಬಂತು. ಆಮೇಲೆ ಆ ಮನೆಯಲ್ಲಿ ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ಚೆನ್ನಾಗಿ ಬಾಳಿದರು.

ಸದೇವದಲ್ಲಿ ಪೆಟ್ಟಿಗೆ ಬರವಿರಲಿಲ್ಲ. ಪಕ್ಕದವನ ಕಿವಿ ಕಚ್ಚಿ ಉಗುಳಿದವನಿದ್ದ. ಚಮಚ ಉಜ್ಜಿ ಚೂಪು ಮಾಡಿ ಇನ್ನೊಬ್ಬನ ತೊಡೆಗೆ ಇಳಿಸಿದವನಿದ್ದ. ಸರ್ಕಾವಿಯ ಪಕ್ಕೆಲುಬು ಮುರಿದು ಕೂಡಿಕೊಂಡಿತ್ತು. ಅವನ ಜೊತೆಗಾರ ಜುಮಾಲಿಯ ಹೆಬ್ಬೆರಳು ಹಿಂದಕ್ಕೆ ತಿರುಗಿ ಹಾಗೇ ನಿಂತಿತ್ತು. ಆಳುಗಳು ಮೂವರು. ಒಬ್ಬ ರೋಗಿಯನ್ನು ಮಂಚಕ್ಕೆ ಕಟ್ಟಲು ಮೂವರೂ ಬೇಕು. ಒಬ್ಬ ಎದೆಯ ಮೇಲೆ, ಒಬ್ಬ ಕಾಲಿನ ಮೇಲೆ, ಒಬ್ಬ ಬಟ್ಟೆ ಗಂಟು ಹಾಕಲಿಕ್ಕೆ. ಎದೆಯ ಮೇಲೆ ಯಾವಾಗಲೂ ಸರ್ಕಾವಿ. ಬಗ್ಗದಿದ್ದವನಿಗೆ ಕಿವಿಯ ಕೆಳಗೆ ಒಂದು ಗುದ್ದು. ಅದನ್ನು ಅವನು ಗುದ್ದು ಎನ್ನುತ್ತಿರಲಿಲ್ಲ. ಮಲಗಿಸುವುದು ಎನ್ನುತ್ತಿದ್ದ.

ಹಾಗೆ ಏನಾದರೂ ನಡೆದ ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಬಂದು ಒಂದು ತಟ್ಟೆ ಹಳದಿ ಕೊಡೇ ಎನ್ನುತ್ತಿದ್ದ. ಸುಮಿನಿ ಯಾರಿಗೆ, ಎಲ್ಲಿ, ಏನಾಯಿತು ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಅವಳು ಅರಿಶಿನ, ತೆಂಗಿನಹಾಲು ಹಾಕಿ ಬೇಯಿಸಿ, ಮೇಲೆ ಮೊಟ್ಟೆ ಹೆಚ್ಚಿಟ್ಟು ಕೊಡುತ್ತಿದ್ದಳು. ಅಡುಗೆಮನೆಯವರು ಅದಕ್ಕೆ ರಾಜಿ ಅನ್ನ ಎಂದೇ ಹೆಸರಿಟ್ಟಿದ್ದರು. ಹೊಡೆದವನೂ ಹೊಡೆಸಿಕೊಂಡವನೂ ಒಂದೇ ಚಾಪೆಯ ಮೇಲೆ ಕೂತು ಉಣ್ಣಬೇಕು. ಹೊಡೆದವನು ಸರ್ಕಾವಿಯೇ ಆಗಿದ್ದರೆ ಅವನೂ ಕೂರುತ್ತಿದ್ದ, ರೋಗಿಯ ಕೈ ಹಿಡಿದು ತಪ್ಪಾಯಿತು ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಆಮೇಲೆ ಆಫೀಸಿಗೆ ಹೋಗಿ ಹೇಳಿದರೆ ಕ್ಷಮಿಸಿದವನ ಮುಖಕ್ಕೆ ಉಗಿದ ಹಾಗೆ. ಸದೇವದಿಂದ ಯಾರೂ ಹೇಳಲಿಲ್ಲ. ಮೋಸ ಮಾಡಬೇಕೆಂದಲ್ಲ. ಅದು ಅವರ ಮರ್ಯಾದೆ.

ಆಫೀಸಿಗೆ ಪಂಗೆಸ್ತಿ ಎಂಬ ನರ್ಸ್ ಬಂದಳು. ದೊಡ್ಡ ಪೇಟೆಯಲ್ಲಿ ಓದಿದವಳು. ಯಾವ ವಾರ್ಡಿನಲ್ಲಿ ಯಾವ ರೋಗಿಗೆ ಎಲ್ಲಿ, ಯಾವಾಗ, ಹೇಗೆ ಪೆಟ್ಟಾಯಿತು ಎಂದು ಒಟ್ಟು ಮಾಡುವುದು ಅವಳ ಕೆಲಸ. ಬಂದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಮುಂದೆ ಎಲ್ಲಿ ಯಾರಿಗೆ ಅಪಾಯವಿದೆ ಎಂದು ಅಂದಾಜು ಮಾಡುತ್ತಿದ್ದಳು. ಅಂದಾಜು ಅವಳದು. ಬಾವುಟದ ಯೋಚನೆ ಮಾತ್ರ ನಿರ್ದೇಶಕರದು. ಪೆಟ್ಟಿನ ಸುದ್ದಿ ಬರದ ವಾರ್ಡಿನ ಬಾಗಿಲಿಗೆ ಹಸಿರು ಬಾವುಟ. ಸ್ವಲ್ಪ ಬಂದರೆ ಹಳದಿ. ಹೆಚ್ಚು ಬಂದರೆ ಕೆಂಪು. ಸದೇವಕ್ಕೆ ಯಾವಾಗಲೂ ಹಸಿರು. ಸೋಮವಾರ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಾಗ ನಿರ್ದೇಶಕರು ಸದೇವದವರನ್ನು ಮುಂದೆ ಕರೆದು ಗೋಡೆ ಗಡಿಯಾರ ಕೊಟ್ಟರು. ಹೆಂಗಸರ ವಾರ್ಡು ಸಿಂತಾಗೆ ಕೆಂಪು. ಸಿಂತಾದವರು ಸೊಳ್ಳೆ ಕಚ್ಚಿದರೂ ಬರೆದು ಕಳಿಸುತ್ತಾರೆ ಎಂದು ಜುಮಾಲಿ ಊರೆಲ್ಲ ಆಡಿಕೊಂಡ.

ಪಂಗೆಸ್ತಿಗೆ ಹಸಿರಿನ ಮೇಲೆ ಗುಮಾನಿ ಇತ್ತು. ಒಂದು ದಿನ ಸದೇವಕ್ಕೆ ಬಂದು ಕಿವಿಯಿಲ್ಲದ ರೋಗಿಯ ಮುಂದೆ ನಿಂತಳು.

"ಇವರ ಕಿವಿ ಏನಾಯ್ತು?"

"ಹುಟ್ಟಿದಾಗಿಂದ ಹಂಗೇ, ಸಿಸ್ಟರ್," ಎಂದ ಜುಮಾಲಿ.

"ಹುಟ್ಟಿದಾಗಿಂದ ಹೊಲಿಗೆ ಹಾಕಿತ್ತಾ?"

"ಅವರೂರಿನ ಸೂಲಗಿತ್ತಿ ಬಲು ಜಾಣೆ."

ಸರ್ಕಾವಿ ನಗಲಿಲ್ಲ. ನೆಲ ನೋಡಿದ.

ಆ ಮಳೆಗಾಲ ಮುಗಿಯುತ್ತಲೇ ನಿರ್ದೇಶಕರು ಆಳುಗಳನ್ನು ಹಂಚಿದರು. ಕೆಂಪಿದ್ದಲ್ಲಿಗೆ ಆಳು ಹೆಚ್ಚು ಬೇಕು, ಹಸಿರಿದ್ದಲ್ಲಿ ಕಡಿಮೆ ಸಾಕು. ಸದೇವದ ಮೂರನೆಯ ಆಳನ್ನು ಬೇರೆ ವಾರ್ಡಿಗೆ ಹಾಕಿದರು. ಸರ್ಕಾವಿ, ಜುಮಾಲಿ ಇಬ್ಬರೇ ಉಳಿದರು. ಅದೇ ಹೊತ್ತಿಗೆ ಕಡಲ ಕಡೆಯಿಂದ ತರ್ಮುಜಿ ಬಂದ. ಮೀನು ಮಾರುಕಟ್ಟೆಯಲ್ಲಿ ಐಸ್ ಗಡ್ಡೆ ಹೊರುತ್ತಿದ್ದವನು. ಬಾಗಿಲಲ್ಲಿ ಬಗ್ಗಿ ಬರಬೇಕು, ಅಷ್ಟು ಎತ್ತರ. ಸೇರಿಸುವಾಗ ಮನೆಯವರು ಇವನು ಯಾರಿಗೂ ಕೈ ಎತ್ತಿದವನಲ್ಲ ಎಂದರು. ಕಂಪ್ಯೂಟರಿನಲ್ಲೂ ಅವನ ಬಗ್ಗೆ ಏನೂ ಇರಲಿಲ್ಲ. ಸುರಕ್ಷಿತ ವಾರ್ಡಿಗೆ ಹಾಕಿ ಎಂದರು. ಸದೇವಕ್ಕೆ ಹಾಕಿದರು.

ಸದೇವದಲ್ಲಿ ದುಲ್ಲಾ ಅಜ್ಜ ಎಂಬ ಮುದುಕ ರೋಗಿ ಇದ್ದ. ಸರ್ಕಾವಿ ಕೆಲಸಕ್ಕೆ ಸೇರುವ ಮೊದಲಿಂದಲೂ ಅಲ್ಲೇ ಇದ್ದವನು. ನೋಡಲು ಯಾರೂ ಬರುತ್ತಿರಲಿಲ್ಲ. ದಿನವೆಲ್ಲ ಹೊದಿಕೆ ಮಡಚುತ್ತಿದ್ದ. ಸರ್ಕಾವಿಯನ್ನು ಮಗಾ ಎನ್ನುತ್ತಿದ್ದ. ಸುಮಿನಿ ಅವನಿಗೆಂದು ಹಂಡೆಯ ತಳದ ಸೀಕಲು ಕೆರೆದು ಕಳಿಸುತ್ತಿದ್ದಳು. ಮಕ್ಕಳಿಲ್ಲದ ಮನೆಗೆ ಒಬ್ಬ ಅಜ್ಜ ಸಿಕ್ಕಿದ್ದ. ತರ್ಮುಜಿ ಬಂದ ದಿನ ಸರ್ಕಾವಿ ಮನೆಯಲ್ಲಿ ಊಟಕ್ಕೆ ಕೂತವನು ಕೈ ತೊಳೆದು ಎದ್ದ. ಆ ಹೊಸಬನ ನೋಟ ಸರಿಯಿಲ್ಲ, ನಾವು ಇಬ್ಬರೇ ಇದ್ದೇವೆ, ಅಜ್ಜನನ್ನು ಯಾರು ಕಾಯುವುದು ಎಂದ.

ಅವನ ಹೆದರಿಕೆ ಸುಳ್ಳಾಗಲಿಲ್ಲ. ಬೆಳಗಿನ ಚಳಿ. ಸ್ನಾನದ ಸಾಲು. ಗಂಡಸರು ಬರಿಮೈಯಲ್ಲಿ ನಡುಗುತ್ತ ನಿಂತಿದ್ದರು. ಅಜ್ಜ ನಿಧಾನ. ತರ್ಮುಜಿ ಹಿಂದಿನಿಂದ ಅವನ ತಲೆಗೂದಲು ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಹೊಡೆದ. ಮೂಗು ಒಡೆಯಿತು. ಬಿದ್ದವನ ಎದೆಯ ಮೇಲೆ ಹಿಮ್ಮಡಿ ಇಟ್ಟು ತುಳಿದ. ಮೂಳೆ ಮುರಿದ ಸದ್ದು ಸಾಲಿನ ಕೊನೆಗೂ ಕೇಳಿತು. ಜುಮಾಲಿ ಕಾಲಿಗೆ ಬಿದ್ದ. ಸರ್ಕಾವಿ ಎದೆಗೆ ಬಿದ್ದ. ಗಂಟು ಹಾಕಲು ಯಾರೂ ಇಲ್ಲ. ಸರ್ಕಾವಿ ಕಿವಿಯ ಕೆಳಗೆ ಗುದ್ದಿದ. ಮತ್ತೆ ಗುದ್ದಿದ. ತನ್ನ ಗೆಣ್ಣು ಒಡೆದು ರಕ್ತ ಬರುವವರೆಗೂ ಗುದ್ದಿದ. ಅದು ಮಲಗಿಸುವುದಾಗಿರಲಿಲ್ಲ.

ಮರುದಿನ ರಾಜಿ ಅನ್ನ. ಅಜ್ಜನಿಗೆ ಅಗಿಯಲು ಆಗಲಿಲ್ಲ. ಸರ್ಕಾವಿ ಕಿವುಚಿ ತಿನ್ನಿಸಿದ. ತರ್ಮುಜಿ ತಲೆ ತಗ್ಗಿಸಿ ಉಂಡು, ಅಜ್ಜನ ಕಾಲು ಮುಟ್ಟಿ ಗೊಳೋ ಎಂದು ಅತ್ತ. ಸರ್ಕಾವಿಗೆ ಸಮಾಧಾನವಾಯಿತು.

ಸಂಜೆ ಸುಮಿನಿ ಬಿಡಲಿಲ್ಲ.

"ಆ ಸಿಸ್ಟರಿಗೆ ಹೇಳ್ರೀ."

"ಉಂಡಾಯ್ತಲ್ಲೇ. ಇನ್ನೇನು ಹೇಳೋದು?"

"ಉಂಡಿದ್ದು ಅವನ ಹೊಟ್ಟೆಗೆ ಹೋಯ್ತು. ತಲೆಗೆ ಹೋಯ್ತಾ?"



ಪಂಗೆಸ್ತಿ ತಾನಾಗಿಯೇ ಬಂದಳು. ಅಜ್ಜನ ಮುಖ ನೋಡಿದಳು. ಬಿದ್ದೆ ಕಣವ್ವ ಎಂದ ಅಜ್ಜ. ಅವಳು ಸರ್ಕಾವಿಯ ಊದಿದ ಕೈ ನೋಡಿದಳು. ಹೊರಗೆ ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

"ನಿಮ್ಮ ಮೂರನೇ ಆಳನ್ನ ಯಾರು ಕಿತ್ಕೊಂಡ್ರು ಗೊತ್ತಾ, ಸರ್ಕಾವಿಯಣ್ಣ?"

"ನಿರ್ದೇಶಕರು."

"ಅಲ್ಲ. ನೀವೇ. ಏನೂ ಆಗಿಲ್ಲ, ಏನೂ ಆಗಿಲ್ಲ ಅಂತ ಹೇಳಿ ಹೇಳಿ."

ಅವಳು ಬೈಯಲಿಲ್ಲ. ಬಿಡಿಸಿ ಹೇಳಿದಳು. ಸಿಂತಾದವರು ಪ್ರತಿ ಏಟನ್ನೂ ಬರೆದು ಕಳಿಸಿದರು. ಎಲ್ಲ ಸೇರಿಸಿ ನೋಡಿದರೆ ಹೆಚ್ಚಿನ ಹೊಡೆದಾಟ ಮಾತ್ರೆ ಕೊಡುವ ಸಾಲಿನಲ್ಲೇ ಆಗುತ್ತಿತ್ತು. ಸಾಲು ನಿಲ್ಲಿಸುವುದನ್ನೇ ಬಿಟ್ಟರು. ಮಂಚದ ಹತ್ತಿರ ಹೋಗಿ ಮಾತ್ರೆ ಕೊಟ್ಟರು. ಮೂಳೆ ಮುರಿಯುವುದು ಕಡಿಮೆಯಾಯಿತು. ಬಾವುಟ ಕೆಂಪಾಗೇ ಇದೆ, ಹೆಂಗಸರು ಬದುಕಿದ್ದಾರೆ. ಸದೇವದಿಂದ ಏನೂ ಬರುವುದಿಲ್ಲ. ಏನೂ ಬರದಿದ್ದರೆ ನಾನು ಯಾವುದನ್ನು ಸೇರಿಸಿ ನೋಡಲಿ ಎಂದಳು.

ತಾನೇ ಅಜ್ಜನ ಕಾವಲು ತೆಗೆದುಹಾಕಿದೆ ಎಂಬುದು ಆಗ ಸರ್ಕಾವಿಗೆ ಹೊಳೆಯಿತು. ಕೊನೆಗೆ ತರ್ಮುಜಿಯ ಸಂಗತಿ ಹೇಳಿದ. ತನ್ನ ಗುದ್ದನ್ನೂ ಹೇಳಿದ. ಅವಳು ಬರೆದುಕೊಂಡಳು.

ಹಸಿರು ಇಳಿದು ಹಳದಿ ಬಂತು. ವಾರ್ಡಿನ ಹೆಡ್ ನರ್ಸ್ ಸರ್ಕಾವಿಯ ಜೊತೆ ಮಾತು ಬಿಟ್ಟರು. ಇನ್ನು ಗಡಿಯಾರ ವಾಪಸ್ ಕೇಳುತ್ತಾರೆ ನೋಡು, ಎಷ್ಟು ಹೊತ್ತಾಯಿತು ಅಂತ ನಿನ್ನ ಮೋರೆ ನೋಡಿ ಹೇಳಬೇಕು ಎಂದ ಜುಮಾಲಿ. ಸರ್ಕಾವಿ ಆಫೀಸಿಗೆ ಹೋಗಿ ಮೂರನೆಯ ಆಳು ಯಾವಾಗ ಬರುತ್ತಾನೆ ಎಂದು ಕೇಳಿದ. ಒಂದು ಸಂಗತಿಗೆ ಆಳು ಕೊಡಲು ನಿರ್ದೇಶಕರು ಒಪ್ಪುತ್ತಿಲ್ಲ ಎಂದಳು ಪಂಗೆಸ್ತಿ. ಹಳೆಯದನ್ನೆಲ್ಲ ಹೇಳಿ ಎಂದಳು.

"ಆಗಲ್ಲ, ಸಿಸ್ಟರ್. ಅವರೆಲ್ಲ ನನ್ನ ಜೊತೆ ಕೂತು ಉಂಡಿದಾರೆ. ಹೊಟ್ಟೆಗೆ ಹಾಕ್ಕೊಂಡಿದ್ದನ್ನ ಕಕ್ಕಿಸ್ತೀರಾ?"

"ಅಜ್ಜ ಸತ್ರೆ?"

"ಅಜ್ಜನ್ನ ನಾನು ನೋಡ್ಕೋತೀನಿ."

ನೋಡಿಕೊಂಡ. ಅಜ್ಜನ ಮಂಚದ ಪಕ್ಕದಲ್ಲೇ ಚಾಪೆ ಹಾಸಿದ. ಊಟಕ್ಕೂ ಅಲ್ಲೇ ಕೂತ. ಮನೆಗೆ ಬರುವುದು ಕಡಿಮೆಯಾಯಿತು.

ಅವತ್ತು ಬೆಳಿಗ್ಗೆಯೂ ಚಳಿಯಿತ್ತು. ಜುಮಾಲಿ ಬಾಗಿಲಲ್ಲಿ ಸಾಲು ಹಿಡಿದಿದ್ದ. ಸರ್ಕಾವಿ ಒಳಗೆ ಅಜ್ಜನ ಬೆನ್ನು ಉಜ್ಜುತ್ತಿದ್ದ. ಸೋಪು ತರಲು ತಿರುಗಿದ. ಅಷ್ಟರಲ್ಲಿ ತರ್ಮುಜಿ ಸಾಲು ಒಡೆದು ನುಗ್ಗಿ ಅಜ್ಜನ ಕುತ್ತಿಗೆ ಹಿಡಿದು ನೀರಿನ ತೊಟ್ಟಿಯಲ್ಲಿ ಅದುಮಿದ. ಅಜ್ಜನ ಕಾಲು ಗಾಳಿಯಲ್ಲಿ ಒದ್ದಾಡಿತು. ಸರ್ಕಾವಿ ತರ್ಮುಜಿಯ ಬೆನ್ನಿಗೆ ಬಿದ್ದು ಕೈ ಬಿಡಿಸಿದ. ಅಜ್ಜ ತೊಟ್ಟಿಯಿಂದ ಆಚೆ ಉರುಳಿ ತೆವಳಿಕೊಂಡು ಹೋದ. ತರ್ಮುಜಿ ತಿರುಗಿದ. ಸರ್ಕಾವಿಯ ಎರಡು ಕಿವಿ ಹಿಡಿದು ತಲೆಯ ಹಿಂಭಾಗವನ್ನು ತೊಟ್ಟಿಯ ಸಿಮೆಂಟು ಅಂಚಿಗೆ ಚಚ್ಚಿದ. ಜುಮಾಲಿ ಓಡಿಬಂದು ಕಾಲು ಹಿಡಿದ. ಎದೆ ಹಿಡಿಯುವವರಿರಲಿಲ್ಲ. ತರ್ಮುಜಿ ಮತ್ತೆ ಚಚ್ಚಿದ. ಮತ್ತೆ. ಸರ್ಕಾವಿಯ ಕೈ ಕೆಳಗೆ ಬಿದ್ದ ಮೇಲೂ ಬಿಡಲಿಲ್ಲ.

ಕೂಗು ಅಡುಗೆಮನೆಗೆ ಕೇಳಿತು. ಸುಮಿನಿ ಖಾರ ಅರೆಯುತ್ತಿದ್ದಳು. ಕೈಯಲ್ಲಿದ್ದ ಗುಂಡುಕಲ್ಲಿನ ಸಮೇತ ಓಡಿದಳು. ತೊಟ್ಟಿಯ ನೀರು ಕೆಂಪಾಗಿತ್ತು. ಗಂಡನ ತಲೆ ತಲೆಯ ಹಾಗಿರಲಿಲ್ಲ. ತರ್ಮುಜಿ ಏದುಸಿರು ಬಿಡುತ್ತ ನೆಲದ ಮೇಲೆ ಕೂತಿದ್ದ. ಅವನ ಸಿಟ್ಟು ಇಳಿದಿತ್ತು. ಯಾರನ್ನೂ ಹೊಡೆಯುತ್ತಿರಲಿಲ್ಲ. ಅವಳು ಅವನ ಮುಖಕ್ಕೆ ಕಲ್ಲು ಹಾಕಿದಳು. ಖಾರವೂ ಕಲ್ಲೂ ಕಣ್ಣಿಗೇ ಹೋದವು. ಅವನು ಕೈ ಅಡ್ಡ ಹಿಡಿಯಲಿಲ್ಲ. ಅವಳು ಮತ್ತೆ ಹಾಕಿದಳು. ಜುಮಾಲಿ ಅವಳ ಸೊಂಟ ಹಿಡಿದು ಎಳೆದ. ಅವಳು ಜುಮಾಲಿಯ ಕೈ ಕಚ್ಚಿದಳು. ತರ್ಮುಜಿಯ ಎಡಗಣ್ಣು ಹೋಯಿತು.

ಸರ್ಕಾವಿ ಸತ್ತ ಏಳನೆಯ ದಿನ ಮನೆಯಲ್ಲಿ ಪ್ರಾರ್ಥನೆ. ನೆರೆಯ ಗಂಡಸರು ಪ್ರಾರ್ಥನೆ ಓದಿ, ಚಹಾ ಕುಡಿದು, ಊಟದ ಪೊಟ್ಟಣ ಹಿಡಿದು ಹೋದರು. ಜುಮಾಲಿ ಗೋಡೆಗೆ ಒರಗಿ ಕೂತಿದ್ದ. ಪಂಗೆಸ್ತಿ ಬಾಗಿಲ ಹತ್ತಿರ. ಆಗ ನಿರ್ದೇಶಕರು ಬಂದರು. ಜೊತೆಗೆ ತರ್ಮುಜಿಯ ತಾಯಿ. ಒಣಗಿದ ಸಣ್ಣ ಹೆಂಗಸು. ಬುಟ್ಟಿಯಲ್ಲಿ ಹಳದಿ ಅನ್ನ ತಂದಿದ್ದಳು.

ನಿರ್ದೇಶಕರು ಮೆತ್ತಗೆ ಮಾತಾಡಿದರು. ನಾವೆಲ್ಲ ಒಂದೇ ಮನೆಯವರ ಹಾಗೆ. ಈ ತಾಯಿ ಕ್ಷಮೆ ಕೇಳಲು ಬಂದಿದ್ದಾರೆ. ಮನೆಯವರ ಹಾಗೇ ಮುಗಿಸಿಕೊಳ್ಳೋಣ. ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಎಂದರೆ ಯಾರಿಗೂ ತೊಂದರೆಯಿಲ್ಲ. ಕಲ್ಲಿನ ವಿಷಯವನ್ನೂ ಯಾರೂ ಎತ್ತುವುದಿಲ್ಲ.

ಸುಮಿನಿ ಅನ್ನ ನೋಡಿದಳು. ತರ್ಮುಜಿಯ ತಾಯಿಯನ್ನು ನೋಡಿದಳು.

"ನಿಮ್ಮ ಅನ್ನ ಉಣ್ತೀನಿ, ಅಕ್ಕ. ಮೊದಲು ಬರೀಲಿ."

ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ ಎಂದರು ನಿರ್ದೇಶಕರು. ಸುಮ್ಮನೆ ಕೂತಿದ್ದ ರೋಗಿಯ ಕಣ್ಣು ತೆಗೆದದ್ದನ್ನೂ. ಅಡುಗೆಮನೆಯ ಕೆಲಸ ಹೋಗುತ್ತದೆ. ಪೊಲೀಸರೂ ಬರಬಹುದು.

"ಬರೀರಿ. ನಾನೇ ಮಾಡಿದ್ದು. ಇವತ್ತು ಇವರು ಜಾರಿ ಬಿದ್ರು ಅಂದ್ರೆ ನಾಳೆ ಅಜ್ಜನೂ ಜಾರಿ ಬೀಳ್ತಾನೆ."

ತರ್ಮುಜಿಯ ತಾಯಿ ತೋಳು ಸರಿಸಿದಳು. ಮೊಣಕೈ ಕೆಳಗೆ ಮೂಳೆ ವಕ್ರವಾಗಿ ಕೂಡಿತ್ತು.

"ಇದೂ ಅವನೇ. ಸೇರಿಸೋವಾಗ ನಾಚಿಕೆಗೆ ಹೇಳಲಿಲ್ಲ. ಇದನ್ನೂ ಬರ್ಕೊಳ್ಳವ್ವ."

ಪಂಗೆಸ್ತಿ ಕಂಪ್ಯೂಟರ್ ಮಡಿಲಲ್ಲಿಟ್ಟುಕೊಂಡಳು. ಹಳೆಯದನ್ನೂ ಹೇಳುತ್ತೇನೆ ಎಂದಳು ಸುಮಿನಿ. ಎಷ್ಟು ಸಲ, ಯಾವಾಗ ಎಂದರೆ ಅವಳಿಗೆ ಗೊತ್ತಿಲ್ಲ. ಕಿಟಕಿಗೆ ಬಂದು ಗಂಡ ಹೇಳಿದ್ದು ಮಾತ್ರ ನೆನಪಿದೆ. ಕಿವಿ ಹೋದವನಿಂದ ಶುರು ಮಾಡಿದಳು. ಎಲ್ಲಿ ಎಂದು ಕೇಳಿದಳು ಪಂಗೆಸ್ತಿ. ಸ್ನಾನದ ಮನೆಯಲ್ಲಿ. ತೊಡೆಗೆ ಚಮಚ ಚುಚ್ಚಿಸಿಕೊಂಡವನು? ಸ್ನಾನದ ಸಾಲಿನಲ್ಲಿ. ಗಂಡನ ಪಕ್ಕೆಲುಬು? ಅದು ಊಟದ ಹೊತ್ತಿಗೆ. ದವಡೆ ಮುರಿದವನು ತೊಟ್ಟಿಯ ಹತ್ತಿರ. ಜುಮಾಲಿ ಗೋಡೆ ಬಿಟ್ಟು ಮುಂದೆ ಬಂದ. ತನ್ನ ಹೆಬ್ಬೆರಳು ಹೋದದ್ದೂ ಸ್ನಾನದ ಸಾಲಿನಲ್ಲೇ, ಚಳಿಗಾಲದಲ್ಲಿ ಎಂದ. ಇನ್ನೊಂದು ಹೇಳಿದ. ಅದೂ ಅಲ್ಲೇ.

ಚಳಿ, ಬರಿಮೈ, ಸಾಲು. ಇಷ್ಟೂ ವರ್ಷ ಸುಮಿನಿ ಒಂದೊಂದಕ್ಕೂ ಅನ್ನ ಬೇಯಿಸಿದ್ದಳು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಇಟ್ಟು ನೋಡಿದ್ದರೆ ಸಾಲನ್ನು ಒಡೆಯುತ್ತಿದ್ದರು, ನೀರು ಕಾಯಿಸುತ್ತಿದ್ದರು. ಗಂಡ ಬದುಕಿರುತ್ತಿದ್ದ. ಅವಳು ಹಣೆಯನ್ನು ಗೋಡೆಗೆ ಚಚ್ಚಿಕೊಂಡಳು. ರಕ್ತ ಬಂತು. ತರ್ಮುಜಿಯ ತಾಯಿ ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡಳು, ಸೊಟ್ಟ ಕೈಯಲ್ಲೇ. ಬರೆದು ಮುಗಿದ ಮೇಲೆ ಇಬ್ಬರೂ ಉಂಡರು. ನಿರ್ದೇಶಕರು ಉಣ್ಣದೆ ಹೋದರು.

ಸದೇವಕ್ಕೆ ಕೆಂಪು ಬಂತು. ಇನ್ನೂ ಇಳಿದಿಲ್ಲ. ಆಳುಗಳು ಹೆಚ್ಚಾದರು. ಈಗ ಬೆಳಿಗ್ಗೆ ಸಾಲಿಲ್ಲ. ಬಿಸಿಲೇರಿದ ಮೇಲೆ ಕೆಲವರು ಕೆಲವರಾಗಿ ಬಿಸಿನೀರಲ್ಲಿ ಮೀಯುತ್ತಾರೆ. ತರ್ಮುಜಿಯೂ ಮೀಯುತ್ತಾನೆ, ಒಂಟಿಯಾಗಿ, ಪಕ್ಕದಲ್ಲಿ ಆಳುಗಳು. ಸುಮಿನಿಯ ಕೆಲಸ ಹೋಯಿತು. ಪೊಲೀಸರು ಬಂದು ಕೇಳಿ ಹೋದರು.

ದುಲ್ಲಾ ಅಜ್ಜ ಹೊದಿಕೆ ಮಡಚುತ್ತ ಮಗ ಎಲ್ಲಿ ಎಂದು ಕೇಳುತ್ತಿದ್ದ. ಬೆಟ್ಟದ ಮೇಲೆ ಊರಿಗೆ ಹೋಗಿದ್ದಾನೆ, ಬರುತ್ತಾನೆ ಎಂದು ವಾರ್ಡಿನವರು ಹೇಳುತ್ತಿದ್ದರು. ನೋಡಲು ಬರುವವರ ಹೊತ್ತಿನಲ್ಲಿ ಸುಮಿನಿ ಹೋದಳು. ಅಜ್ಜನ ಮಂಚದ ಮೇಲೆ ಕೂತು, ನಿನ್ನ ಮಗ ಸತ್ತ ಎಂದಳು. ಅಜ್ಜನ ಕೈ ನಿಂತಿತು. ಹೇಗೆ ಎಂದು ಕೇಳಿದ. ಹೇಗೆ ಎಂದು ಹೇಳಿದಳು.